ಎರಡೂ ಕಡೆಗೆ ಹೋಗುವ ಗೆರೆ

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಶಿಡ್ಲಘಟ್ಟದಿಂದ ಫೋನು ಬಂತು. ನಮ್ಮ ದೊಡ್ಡಪ್ಪನ ಮೊಮ್ಮಗಳು. ನನಗೆ ಅಣ್ಣನ ಮಗಳಾಗಬೇಕು. ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ನಾಲ್ಕನೇ ವರ್ಷ ಓದ್ತಿದ್ದಾಳೆ, ರಜಕ್ಕೆ ಊರಿಗೆ ಬಂದಿದ್ದಳು.

"ಚಿಕ್ಕಪ್ಪಾ, ಮಲಗಿಬಿಟ್ರಾ? ಒಂದು ಸಣ್ಣ ಡೌಟು. ಗೆರೆ ಒಂದೇ ಕಡೆಗೆ ಹೋಗ್ತಿದೆ, ನನಗೆ ಎರಡೂ ಕಡೆಗೆ ಬೇಕು."

ನಾನು ಚಿಂತಾಮಣಿಯಲ್ಲಿ ಮನೆ, ಶೆಡ್ಡು, ಕಲ್ಯಾಣಮಂಟಪಗಳ ನಕ್ಷೆ ಬರೆದುಕೊಂಡು ಇರುವವನು. ಮೊದಲ ಹದಿನೈದು ವರ್ಷ ಹಲಗೆ, ಟಿ-ಸ್ಕ್ವೇರು, ಪೆನ್ಸಿಲ್ಲು. ಆಮೇಲೆ ಕಂಪ್ಯೂಟರು. ಈಚೆಗೆ ಹುಡುಗರ ಜೊತೆ ಕೂತು ಗ್ರಾಸ್‌ಹಾಪರ್ ಕಲಿತೆ. ಹೆಸರು ಮಿಡತೆ ಅಂತ ಇದ್ದರೂ ಅದು ನಕ್ಷೆಯ ಸಾಫ್ಟ್‌ವೇರು. ಇದರಲ್ಲಿ ಗೆರೆಯನ್ನ ಕೈಯಲ್ಲಿ ಎಳೆಯೋದಿಲ್ಲ. ಪರದೆಯ ಮೇಲೆ ಸಣ್ಣ ಸಣ್ಣ ಡಬ್ಬಿಗಳನ್ನಿಟ್ಟು ಒಂದರಿಂದ ಇನ್ನೊಂದಕ್ಕೆ ತಂತಿ ಜೋಡಿಸಬೇಕು. ಗೆರೆ ತಾನಾಗಿ ಮೂಡುತ್ತೆ. ಡಬ್ಬಿಯೊಳಗಿನ ಒಂದು ಸಂಖ್ಯೆ ಬದಲಾಯಿಸಿದರೆ ಇಡೀ ಕಟ್ಟಡವೇ ಅದರ ಹಿಂದೆ ಬದಲಾಗುತ್ತೆ.

ಅವಳ ಕಾಲೇಜಿನ ಕೆಲಸ ಒಂದು ರೇಷ್ಮೆಗೂಡಿನ ಮಾರುಕಟ್ಟೆಗೆ ಚಾವಣಿ ಹೊದಿಸೋದು. ಗೂಡಿನ ಜಾಲರಿಗಳನ್ನ ಸಾಲಾಗಿಟ್ಟು ಹರಾಜು ನಡೆಯುವ ಅಂಗಳ ಅವಳು ಚಿಕ್ಕಂದಿನಿಂದ ನೋಡಿದ್ದು. ನಡುವೆ ಕಂಬಗಳ ಒಂದು ಸಾಲು. ಪ್ರತಿ ಕಂಬದ ತಲೆಯಿಂದ ಎಡಕ್ಕೂ ಬಲಕ್ಕೂ ಒಂದೇ ಅಳತೆಯ ತೊಲೆ ಚಾಚಬೇಕು. ಆದರೆ ಗ್ರಾಸ್‌ಹಾಪರ್‌ನಲ್ಲಿ ಗೆರೆ ಹುಟ್ಟಿಸುವ ಡಬ್ಬಿ ಕೇಳೋದು ಮೂರೇ ಮಾತು: ಎಲ್ಲಿಂದ ಶುರು, ಯಾವ ದಿಕ್ಕಿಗೆ, ಎಷ್ಟುದ್ದ. ಶುರು ಅಂತ ಒಂದು ಜಾಗ ಹೇಳಿದ ಮೇಲೆ ಅದು ಹಿಂದಕ್ಕೆ ನೋಡೋದಿಲ್ಲ. ಅದಕ್ಕೇ ಅವಳ ಚಾವಣಿ ಒಂದು ರೆಕ್ಕೆಯ ಹಕ್ಕಿಯ ಥರ ಆಗಿತ್ತು.

ಎರಡು ದಾರಿ ಹೇಳಿಕೊಟ್ಟೆ. ಮೊದಲನೆಯದು, ಅದೇ ಬಿಂದುವಿನಿಂದ ದಿಕ್ಕನ್ನ ಋಣ ಮಾಡಿ ಇನ್ನೊಂದು ಗೆರೆ ಎಳಿ. ಎರಡನೆಯದು, ಶುರುವಿನ ಬಿಂದುವನ್ನೇ ಅರ್ಧ ಉದ್ದ ಹಿಂದಕ್ಕೆ ಸರಿಸಿ, ಅಲ್ಲಿಂದ ಪೂರ್ತಿ ಉದ್ದದ ಒಂದೇ ಗೆರೆ ಎಳಿ. ಎರಡರಲ್ಲೂ ಪರದೆಯ ಮೇಲೆ ಕಾಣೋದು ಒಂದೇ.

"ಒಂದೇ ಆದ್ರೆ ಯಾವುದು ಮಾಡಿದ್ರೇನು?" ಅಂದಳು.

"ಒಂದೇ ಅಲ್ಲಮ್ಮ. ಭಾನುವಾರ ಹೇಳ್ತೀನಿ" ಅಂದೆ. ಭಾನುವಾರ ಅವಳು ಬೆಂಗಳೂರಿಗೆ ಬಸ್ಸು ಹತ್ತಿದ್ದಳು. ಹೇಳಬೇಕಾಗಿದ್ದನ್ನ ಇಲ್ಲಿ ಬರೀತಿದ್ದೀನಿ. ಇದರಲ್ಲಿ ನಮ್ಮ ಜಿಲ್ಲೆಯ ಕಥೆ ಇದೆ. ನಮ್ಮ ಎರಡು ಮನೆಗಳ ಕಥೆಯೂ ಇದೆ, ಅದನ್ನ ಅವಳಿಗೆ ಯಾರೂ ಹೇಳಿರಲಾರರು.

*

ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದ ಗೆರೆಗೆ ಶುರು, ಕೊನೆ ಅಂತ ಇರೋದಿಲ್ಲ. ಎಳೆಯುವಾಗ ಕೈ ಎಡದಿಂದ ಬಲಕ್ಕೆ ಹೋಗಿರಬಹುದು, ಎಳೆದಾದ ಮೇಲೆ ಅದರ ಗುರುತು ಕಾಗದದ ಮೇಲೆ ಉಳಿಯೋದಿಲ್ಲ. ಕಂಪ್ಯೂಟರಿಗೆ ಬಂದಾಗ ಗೆರೆಗೆ ಒಂದು ತಲೆ, ಒಂದು ಬಾಲ ಬಂತು. ಜೊತೆಗೆ ಜ್ಞಾಪಕವೂ ಬಂತು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ ಸ್ಕೆಚ್‌ಪ್ಯಾಡ್ ಅನ್ನುವ ಪ್ರೋಗ್ರಾಮನ್ನ ತನ್ನ ಪಿಎಚ್‌ಡಿಗೆ ಸಲ್ಲಿಸಿದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆದು, ಈ ಎರಡು ಗೆರೆ ಸಮಾನಾಂತರ ಇರಲಿ, ಈ ಎರಡು ಒಂದೇ ಉದ್ದ ಇರಲಿ ಅಂತ ಕಟ್ಟು ಹಾಕಬಹುದಿತ್ತು. ಒಂದನ್ನ ಎಳೆದಾಡಿದರೆ ಇನ್ನೊಂದು ಆ ಕಟ್ಟನ್ನ ಪಾಲಿಸುತ್ತಿತ್ತು. ಗೆರೆ ತನ್ನ ಸಂಬಂಧಗಳನ್ನ ನೆನಪಿಟ್ಟುಕೊಂಡದ್ದು ಅಲ್ಲಿಂದ.

ಗ್ರಾಸ್‌ಹಾಪರ್ ಹೊರಬಂದದ್ದು 2007ರಲ್ಲಿ. ರೈನೋ ಎಂಬ ನಕ್ಷೆಯ ಸಾಫ್ಟ್‌ವೇರಿಗೆ ಜೋಡಣೆಯಾಗಿ ಡೇವಿಡ್ ರುಟ್ಟನ್ ಅದನ್ನ ಬರೆದರು. ಆಗ ಅದರ ಹೆಸರು ಮಿಡತೆಯಲ್ಲ, 'ಎಕ್ಸ್‌ಪ್ಲಿಸಿಟ್ ಹಿಸ್ಟರಿ'. ಅಂದರೆ ಬಿಚ್ಚಿಟ್ಟ ಚರಿತ್ರೆ. ಗೆರೆ ಎಲ್ಲಿಂದ ಹುಟ್ಟಿತು, ಯಾವ ಸಂಖ್ಯೆ ಅದನ್ನ ಇಷ್ಟುದ್ದ ಮಾಡಿತು, ಎಲ್ಲವೂ ತಂತಿಗಳಲ್ಲಿ ಕಣ್ಣಿಗೆ ಕಾಣುತ್ತೆ ಅನ್ನೋದು ಆ ಹೆಸರಿನ ಅರ್ಥ. ಅದೇ 2007ರಲ್ಲೇ ಕೋಲಾರದಿಂದ ಬೇರೆಯಾಗಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯೂ ಹುಟ್ಟಿತು. ಅದೂ ಒಂದು ಗೆರೆಯೇ. ಎರಡಕ್ಕೂ ಸಂಬಂಧ ಏನೂ ಇಲ್ಲ, ನೆನಪಿಡೋಕೆ ಸುಲಭ ಅಂತ ಹೇಳಿದೆ.

ಈಗ ಅವಳ ಪ್ರಶ್ನೆ. ರೈನೋದಲ್ಲಿ ಕೈಯಿಂದ ಗೆರೆ ಎಳೆಯುವಾಗ 'ಬೋತ್ ಸೈಡ್ಸ್' ಅಂತ ಒಂದು ಆಯ್ಕೆ ಇದೆ. ನಡುವಿನ ಬಿಂದು ಒತ್ತಿ, ಒಂದು ತುದಿ ತೋರಿಸಿದರೆ ಸಾಕು, ಅಷ್ಟೇ ಉದ್ದ ಇನ್ನೊಂದು ಕಡೆಗೂ ಹೋಗುತ್ತೆ. ಗ್ರಾಸ್‌ಹಾಪರ್‌ನ ಆ ಮೂರು ಮಾತಿನ ಡಬ್ಬಿಗೆ ಈ ಸೌಕರ್ಯ ಇಲ್ಲ, ನಾವೇ ಕಟ್ಟಿಕೊಳ್ಳಬೇಕು. ಕಟ್ಟುವಾಗ ಎಲ್ಲರೂ ಎಡವೋದು ಒಂದೇ ಜಾಗದಲ್ಲಿ: 'ಉದ್ದ' ಅಂದರೆ ಒಂದು ಕಡೆಯ ಉದ್ದವೋ, ಒಟ್ಟು ಉದ್ದವೋ? ಆರು ಮೀಟರಿನ ತೊಲೆ ಬೇಕು ಅಂತ ಆರು ಕೊಟ್ಟು ಎರಡೂ ಕಡೆಗೆ ಎಳೆದರೆ ಹನ್ನೆರಡಾಗಿರುತ್ತೆ.

ಇನ್ನೊಂದು ವ್ಯತ್ಯಾಸ ಕಣ್ಣಿಗೆ ಬೀಳೋದೇ ಇಲ್ಲ. ಮೊದಲ ದಾರಿಯಲ್ಲಿ ಬರೋದು ನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಗೆರೆಗಳು. ಎರಡಕ್ಕೂ ಶುರು ಕಂಬದ ತಲೆ. ಎರಡನೇ ದಾರಿಯಲ್ಲಿ ಬರೋದು ಒಂದೇ ಗೆರೆ, ಕಂಬ ಅದರ ನಡುವೆ ಸಿಗುವ ಒಂದು ಜಾಗ ಅಷ್ಟೇ. ಕಾರ್ಖಾನೆಗೆ ಕಳಿಸಿದಾಗ ಮೊದಲನೆಯದು ಎರಡು ತುಂಡು ಕಬ್ಬಿಣ, ನಡುವೆ ಬೆಸುಗೆ. ಎರಡನೆಯದು ಒಂದೇ ತುಂಡು. ನಡುವನ್ನ ನಂಬಿ ತುದಿಗೆ ಹೋಗ್ತೀಯಾ, ತುದಿಗಳನ್ನ ನಂಬಿ ನಡುವನ್ನ ಹುಡುಕ್ತೀಯಾ ಅನ್ನೋದು ಪ್ರಶ್ನೆ.

ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಗೆ ಹೋದವರು ನೋಡಿರ್ತೀರಿ. ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ, ನಡುವೆ ಸಣ್ಣ ಉಮಾಮಹೇಶ್ವರ. ಆ ನಡುವಿನ ಗುಡಿ ಆಮೇಲೆ ಕಟ್ಟಿದ್ದು. ಅಲ್ಲಿ ತುದಿಗಳು ಮೊದಲು ಬಂದವು, ನಡು ಆಮೇಲೆ ಬಂತು. ಮನೆ ಕಟ್ಟುವ ನಮ್ಮ ಮೇಸ್ತ್ರಿಗಳು ಇದಕ್ಕೆ ತದ್ವಿರುದ್ಧ. ಮೊದಲು ಸೆಂಟರ್ ಲೈನಿಗೆ ಗೂಟ ಹೊಡೆದು ದಾರ ಕಟ್ಟಿ, ಅದರಿಂದ ಆಚೆಗಿಷ್ಟು ಈಚೆಗಿಷ್ಟು ಅಂತ ಪಾಯ ಗುರುತು ಮಾಡ್ತಾರೆ.

*

ದಿಕ್ಕನ್ನ 'ಋಣ ಮಾಡು' ಅಂದೆನಲ್ಲ, ಅದು ಹಳೆಯ ಮಾತು. ಸಾಲಕ್ಕೆ ಋಣ, ಆಸ್ತಿಗೆ ಧನ ಅಂತ ಹೆಸರಿಟ್ಟು ಅವುಗಳನ್ನ ಕೂಡುವ ಗುಣಿಸುವ ನಿಯಮ ಹೇಳಿದವನು ಬ್ರಹ್ಮಗುಪ್ತ, 628ರಲ್ಲಿ. ಆದರೆ ಅದು ವ್ಯಾಪಾರದ ಲೆಕ್ಕದ ಭಾಷೆ. ಋಣ ಅಂದರೆ 'ಆ ಕಡೆಗೆ' ಅನ್ನೋ ಅರ್ಥವನ್ನ ನೆಲದ ಮೇಲಿನ ಗೆರೆಗೆ ಹಚ್ಚಿದ ಉದಾಹರಣೆ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿದೆ, 1150ರ ಹೊತ್ತಿಗೆ.

ಲೆಕ್ಕ ಹೀಗಿದೆ. ಒಂದು ತ್ರಿಕೋನ. ತಳ 9, ಬದಿಗಳು 10 ಮತ್ತು 17. ತುದಿಯಿಂದ ತಳಕ್ಕೆ ಲಂಬ ಇಳಿಸಿದರೆ ತಳ ಎರಡು ತುಂಡಾಗಬೇಕು. ತುಂಡುಗಳ ಉದ್ದ ಎಷ್ಟು? ಲೆಕ್ಕ ಮಾಡಿದರೆ ಒಂದು 15 ಬರುತ್ತೆ. ತಳವೇ 9 ಇರುವಾಗ ಅದರ ತುಂಡು 15 ಹೇಗಾಯ್ತು? ಇನ್ನೊಂದು ತುಂಡು ಋಣ 6. ನಮ್ಮಂಥವರು ಲೆಕ್ಕ ತಪ್ಪಾಯ್ತು ಅಂತ ಕಾಗದ ಹರಿದು ಹಾಕ್ತೀವಿ. ಭಾಸ್ಕರ ಹೇಳೋದು, ಋಣ ಅಂದರೆ ವಿರುದ್ಧ ದಿಕ್ಕಿಗೆ ಅಂತ. ಲಂಬ ತಳದ ಒಳಗೆ ಬೀಳದೆ, ತಳವನ್ನ ಹಿಂದಕ್ಕೆ 6 ಬೆಳೆಸಿದ ಜಾಗದಲ್ಲಿ ಬೀಳುತ್ತೆ. ಪರೀಕ್ಷೆ ಮಾಡಿ: 10ರ ವರ್ಗದಿಂದ 6ರ ವರ್ಗ ಕಳೆದರೆ 64. 17ರ ವರ್ಗದಿಂದ 15ರ ವರ್ಗ ಕಳೆದರೂ 64. ಎರಡು ಕಡೆಯಿಂದಲೂ ಲಂಬ 8.

ಯೂರೋಪಿನಲ್ಲಿ ಜಾನ್ ವಾಲಿಸ್ 1685ರ ಬೀಜಗಣಿತದ ಪುಸ್ತಕದಲ್ಲಿ, ಒಬ್ಬ ಮನುಷ್ಯ 5 ಗಜ ಮುಂದಕ್ಕೆ ನಡೆದು 8 ಗಜ ಹಿಂದಕ್ಕೆ ಬಂದರೆ ಹೊರಟ ಜಾಗದಿಂದ ಋಣ 3ರಲ್ಲಿರ್ತಾನೆ ಅಂತ ವಿವರಿಸಿದ. ಗ್ರಾಸ್‌ಹಾಪರ್‌ನ ಡಬ್ಬಿಗೆ ಉದ್ದ ಋಣ 6 ಅಂತ ಕೊಟ್ಟು ನೋಡಿ. ಅದು ತಪ್ಪು ಅನ್ನೋದಿಲ್ಲ. ಸುಮ್ಮನೆ ಹಿಂದಕ್ಕೆ ಗೆರೆ ಎಳೆಯುತ್ತೆ.

ಭಾಸ್ಕರನ ಲೆಕ್ಕದಲ್ಲಿ ನನಗೆ ಮುಖ್ಯ ಅನ್ನಿಸೋದು ಕೊನೆಯ ಆ ಪರೀಕ್ಷೆ. ಎರಡು ಬದಿಯಿಂದ ಬಂದರೂ ಒಂದೇ ಉತ್ತರ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತೆ. ಒಂದೇ ಬದಿಯಿಂದ ಬಂದವನಿಗೆ ತಪ್ಪಿದೆ ಅನ್ನೋದೇ ಗೊತ್ತಾಗೋದಿಲ್ಲ.

*

ಈ ಪರೀಕ್ಷೆಯನ್ನ ಇಡೀ ದೇಶದ ಮೇಲೆ ಮಾಡಿದವನು ವಿಲಿಯಂ ಲ್ಯಾಂಬ್ಟನ್. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದ ಇಂಗ್ಲಿಷ್ ಸೇನಾಧಿಕಾರಿ. ಟಿಪ್ಪು ಬಿದ್ದ ಮೇಲೆ ಮೈಸೂರಿನ ನೆಲದ ಮೇಲೆ ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳ ಸರಪಳಿ ಹಾಕಿ ಅಳೆಯುವ ಯೋಜನೆ ಮುಂದಿಟ್ಟ. ಅಳೆಸಿಕೊಂಡವರು ಗೆದ್ದವರಲ್ಲ, ಸೋತವರು. ಆ ಮಾತನ್ನೂ ನೆನಪಿನಲ್ಲಿಡಬೇಕು.

1800ರಲ್ಲಿ ಅವನು ಮೊದಲ ಮೂಲಗೆರೆ ಅಳೆದದ್ದು ಬೆಂಗಳೂರಿನಲ್ಲಿ, ಬಾಣಸವಾಡಿ ಮತ್ತು ಅಗರದ ನಡುವೆ. 7 ಮೈಲಿಗಿಂತ ಹೆಚ್ಚು. ಅಳೆದ ಉಕ್ಕಿನ ಸರಪಳಿ 100 ಅಡಿಯದು. ಚೀನಾದ ಚಕ್ರವರ್ತಿಗೆ ಉಡುಗೊರೆ ಕೊಡಲು ಇಂಗ್ಲೆಂಡಿನಿಂದ ಹೋಗಿ, ಅಲ್ಲಿ ಬೇಡವಾಗಿ ಇಂಡಿಯಾಕ್ಕೆ ಬಂದ ಸಾಮಾನುಗಳಲ್ಲಿ ಅದೂ ಒಂದು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಹತ್ತಿರ ಇನ್ನೊಂದು ಮೂಲಗೆರೆ, ಸುಮಾರು 7.5 ಮೈಲಿ. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನ ನೋಡುತ್ತಾ, ತ್ರಿಕೋನಕ್ಕೆ ತ್ರಿಕೋನ ಅಂಟಿಸುತ್ತಾ ಪಶ್ಚಿಮಕ್ಕೆ ಬಂದ. ಬೆಂಗಳೂರಿನವರೆಗೆ ನೆಲದ ಮೇಲೆ ಮತ್ತೆ ಸರಪಳಿ ಹಾಸಲಿಲ್ಲ, ಎಲ್ಲ ದೂರವೂ ಲೆಕ್ಕದ ಮೇಲೆಯೇ.

ಲೆಕ್ಕ ಸರಿ ಇದೆ ಅಂತ ಹೇಳೋದು ಹೇಗೆ? 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ನೆಲದ ಮೇಲೆ ಸರಪಳಿ ಹಾಸಿ ಗೆರೆ ಅಳೆದರು. ಆ ಕೆಲಸ ಮಾಡಿದವನು ಅವನ ಸಹಾಯಕ ಜಾನ್ ವಾರನ್. ಮದ್ರಾಸಿನಿಂದ ಲೆಕ್ಕದಲ್ಲಿ ಬಂದ ಉದ್ದ, ಬೆಂಗಳೂರಿನಲ್ಲಿ ಸರಪಳಿಯಿಂದ ಬಂದ ಉದ್ದ, ಎರಡಕ್ಕೂ ವ್ಯತ್ಯಾಸ 4 ಅಂಗುಲಕ್ಕಿಂತ ಕಡಿಮೆ. ಏಳು ಮೈಲಿಯ ಗೆರೆಯಲ್ಲಿ ಒಂದು ಅಂಗೈ ಅಗಲವೂ ಇಲ್ಲ.

ಆಮೇಲೆ ಬೆಂಗಳೂರಿನ ಗೆರೆ ನಡುವಿನ ಬಿಂದುವಾಯ್ತು. ಅಲ್ಲಿಂದ ತ್ರಿಕೋನಗಳು ದಕ್ಷಿಣಕ್ಕೆ ಕನ್ಯಾಕುಮಾರಿಯ ಕಡೆಗೂ ಹೋದವು, ಉತ್ತರಕ್ಕೆ ಗುತ್ತಿಯ ಕಡೆಗೂ ಹೋದವು. ಗ್ರೇಟ್ ಆರ್ಕ್ ಅನ್ನುವ ಆ ಮಹಾಗೆರೆ ಕೊನೆಗೆ ಹಿಮಾಲಯದ ತಪ್ಪಲನ್ನ ಮುಟ್ಟಿದ್ದು ಜಾರ್ಜ್ ಎವರೆಸ್ಟ್ ಕಾಲದಲ್ಲಿ, ಒಟ್ಟು ಸುಮಾರು 2,400 ಕಿಲೋಮೀಟರು. ಲ್ಯಾಂಬ್ಟನ್ ಅದನ್ನ ನೋಡಲಿಲ್ಲ, 1823ರಲ್ಲಿ ಹಿಂಗನ್‌ಘಾಟ್‌ನಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ಆ ಗೆರೆ ಹೋದದ್ದು 78 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿ. ನಮ್ಮ ಚಿಂತಾಮಣಿ ಇರೋದೂ ಹೆಚ್ಚುಕಡಿಮೆ 78ರ ಮೇಲೆಯೇ.

ಉದ್ದಕ್ಕೂ ಅವರು ಮಾಡಿದ್ದು ಇದನ್ನೇ: ಅಷ್ಟಷ್ಟು ದೂರಕ್ಕೆ ನಿಂತು, ನೆಲದ ಮೇಲೆ ಹೊಸ ಮೂಲಗೆರೆ ಅಳೆದು, ಲೆಕ್ಕದಿಂದ ಬಂದದ್ದರ ಜೊತೆ ಹೋಲಿಸಿ ನೋಡಿದರು. ಒಂದೇ ತುದಿಯಿಂದ ಶುರುಮಾಡಿ ಕೊನೆಯವರೆಗೂ ಹೋಗಿದ್ದರೆ ತಪ್ಪೆಲ್ಲ ಕೊನೆಯಲ್ಲಿ ಗುಡ್ಡೆ ಬೀಳುತ್ತಿತ್ತು. ಕೊನೆಯಲ್ಲಿ ಯಾರ ಹೊಲ ಇದೆಯೋ ಅವರ ಹಣೆಬರಹ.

*

ನಮ್ಮ ಮನೆಯಲ್ಲಿ ಆ ಹಣೆಬರಹ ನಮ್ಮಪ್ಪನದಾಗಿತ್ತು.

ತಾತ ಬಿಟ್ಟುಹೋದ ಜಮೀನು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಪೂರ್ವದ ಅರ್ಧ ದೊಡ್ಡಪ್ಪನಿಗೆ, ಪಶ್ಚಿಮದ ಅರ್ಧ ಅಪ್ಪನಿಗೆ. ಮೈಸೂರು ಸೀಮೆಯಲ್ಲಿ 1863ರಲ್ಲಿ ಶುರುವಾದ ಸರ್ವೆಯ ಲೆಕ್ಕ ನಮ್ಮದು: 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ, ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಹಳೆಯ ಟಿಪ್ಪಣಿಯಲ್ಲಿ ನಮ್ಮ ಜಮೀನಿನ ಪೂರ್ವಪಶ್ಚಿಮ ಅಗಲ 12 ಸರಪಳಿ. ಅಂದರೆ 396 ಅಡಿ. ಅರ್ಧ ಅಂದರೆ 198.

ಭಾಗವಾದ ವರ್ಷ ಅಳೆಯಲು ಬಂದವರು ಪೂರ್ವದ ಹದ್ದುಕಲ್ಲಿನಿಂದ ಶುರುಮಾಡಿದರು. ಆರು ಸರಪಳಿ ಅಳೆದು ನಡುವೆ ಕಲ್ಲು ನೆಟ್ಟರು. ದೊಡ್ಡಪ್ಪನ ಅರ್ಧ ಸರಿಯಾಗಿ 198 ಅಡಿ. ಉಳಿದದ್ದು ತಮ್ಮನದು, ಅದೂ ಅಷ್ಟೇ ಇರಬೇಕಲ್ಲ ಅಂತ ಹೊರಟುಹೋದರು. ಆ ಕಡೆಯದನ್ನ ಯಾರೂ ಅಳೆಯಲಿಲ್ಲ. ಪಶ್ಚಿಮಕ್ಕೆ ಕೆರೆಗೆ ನೀರು ತರುವ ಕಾಲುವೆ ಇತ್ತು. ವರ್ಷ ವರ್ಷ ದಡ ಕೊರೆದು ಜಮೀನಿನ 11 ಅಡಿಯನ್ನ ಅದು ನುಂಗಿತ್ತು. ನೆಲದ ಮೇಲೆ ಇದ್ದದ್ದು 396 ಅಲ್ಲ, 385.

ಅಪ್ಪ ತನ್ನ ಕಡೆಯಿಂದ ಹಗ್ಗ ಹಿಡಿದು ಅಳೆದರೆ 187 ಅಡಿ. ಹನ್ನೊಂದೂ ಅಡಿ ಅವನ ಪಾಲಿಗೇ ಕಡಿಮೆ. ಅವನು ಪಶ್ಚಿಮದಿಂದ 198 ಅಳೆದು ತನ್ನ ಗೂಟ ಹೊಡೆದ. ಅದು ದೊಡ್ಡಪ್ಪನ ಹಿಪ್ಪುನೇರಳೆ ಸಾಲಿನೊಳಗೆ ಹೋಗಿ ಕೂತಿತು. ಆ 11 ಅಡಿಯ ಪಟ್ಟಿಯಲ್ಲೇ ಒಂದು ಹುಣಸೆ ಮರ ಇತ್ತು.

ದೊಡ್ಡಪ್ಪ ಮೋಸ ಮಾಡಿರಲಿಲ್ಲ. ಅವನ ಕಡೆಯಿಂದ ಅಳೆದರೆ ಅವನದು ಸರಿ. ಅಪ್ಪನೂ ಸುಳ್ಳು ಹೇಳಿರಲಿಲ್ಲ. ಅವನ ಕಡೆಯಿಂದ ಅಳೆದರೆ ಅವನದೂ ಸರಿ. ಇಬ್ಬರಿಗೂ ಕೈಯಲ್ಲಿ ಅದೇ ಟಿಪ್ಪಣಿ. ಒಂಬತ್ತು ವರ್ಷ ಮಾತಿಲ್ಲ. ಅಜ್ಜಿಯ ತಿಥಿಗೆ ಎರಡು ಒಲೆ. ಆ ವರ್ಷಗಳಲ್ಲಿ ದೊಡ್ಡಪ್ಪನ ಮಗ, ಈಗ ಫೋನು ಮಾಡಿದ ಹುಡುಗಿಯ ಅಪ್ಪ, ಸ್ಕೂಲಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದ. ನಾವಿಬ್ಬರೂ ಕದ್ದು ಮಾತಾಡ್ತಿದ್ವಿ.

ಕೊನೆಗೆ ಊರಿನವರು ಒಬ್ಬ ನಿವೃತ್ತ ಸರ್ವೆಯವರನ್ನ ಕರೆಸಿದರು. ಅವರು ಯಾರ ಮನೆಯಲ್ಲೂ ಕಾಫಿ ಕುಡಿಯಲಿಲ್ಲ. ಪೂರ್ವದಿಂದ ಅಳೆದು ಒಂದು ಗೂಟ ಹೊಡೆದರು. ಪಶ್ಚಿಮದಿಂದ ಅಳೆದು ಇನ್ನೊಂದು ಗೂಟ ಹೊಡೆದರು. ಎರಡರ ನಡುವೆ ನಿಂತು ಅಣ್ಣತಮ್ಮಂದಿರನ್ನ ಕರೆದು, "ನೋಡ್ರಪ್ಪಾ, ಇವನ ಗೂಟಾನೂ ಸರಿ, ಅವನ ಗೂಟಾನೂ ಸರಿ. ಕಾಗದ ಹೇಳೋ ಜಮೀನು ಇಲ್ಲಿ ಇಲ್ಲ, ಅಷ್ಟೇ. ಹನ್ನೊಂದು ಅಡಿ ಕಾಲುವೆ ತಿಂದೈತೆ. ಇಬ್ರೂ ಐದೂವರೆ ಐದೂವರೆ ಬಿಡಿ" ಅಂದರು. ಕಲ್ಲು 192 ಅಡಿ 6 ಅಂಗುಲಕ್ಕೆ ಬಿತ್ತು. ಹುಣಸೆ ಮರ ದೊಡ್ಡಪ್ಪನ ಕಡೆಗೆ ಹೋಯ್ತು.

ಅವತ್ತೇ ತಬ್ಬಿಕೊಂಡರು ಅಂತ ಬರೆದರೆ ಸುಳ್ಳಾಗುತ್ತೆ. ಮಾತು ಮತ್ತೆ ಶುರುವಾಗೋಕೆ ಇನ್ನೂ ಎರಡು ವರ್ಷ ಹಿಡೀತು. ಆದರೆ ಜಗಳ ಅವತ್ತೇ ನಿಂತಿತು. ತಪ್ಪು ಎಷ್ಟು, ಎಲ್ಲಿದೆ ಅನ್ನೋದು ಇಬ್ಬರ ಕಣ್ಣಿಗೂ ಕಂಡಿತ್ತಲ್ಲ.

*

ಹಾಗಾದರೆ ಯಾವಾಗಲೂ ಎರಡೂ ಕಡೆಯನ್ನ ಕಟ್ಟಲೇಬೇಕಾ? ಬೇಕಾಗಿಲ್ಲ. ಆ ಕಡೆಯದು ಈ ಕಡೆಯದರ ಪಡಿಯಚ್ಚು ಅನ್ನೋದು ಖಾತ್ರಿ ಇದ್ದರೆ ಒಂದು ಕಡೆ ಸಾಕು. ಇದನ್ನ ಕಲಿಯೋಕೆ ನಮ್ಮ ಜಿಲ್ಲೆಯ ಇನ್ನೊಂದು ಮೂಲೆಗೆ, ಗೌರಿಬಿದನೂರಿಗೆ ಹೋಗಬೇಕು. ಆ ಸೀಮೆಯ ನೆಲದಲ್ಲಿ ವಿಜ್ಞಾನಿಗಳು ಎಳೆದ ಗೆರೆಗಳಿವೆ.

ಮೊದಲನೆಯದು ಭೂಕಂಪ ಮಾಪಕಗಳ ಸಾಲು. 1965ರಲ್ಲಿ ಬ್ರಿಟನ್ನಿನ ಪರಮಾಣು ಇಲಾಖೆಯ ಸಹಕಾರದಲ್ಲಿ ಶುರುವಾದದ್ದು, ಇವತ್ತಿಗೂ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕೈಯಲ್ಲಿದೆ. 1963ರ ಒಪ್ಪಂದದ ನಂತರ ಅಣುಬಾಂಬು ಪರೀಕ್ಷೆಗಳು ಭೂಮಿಯ ಒಳಗೆ ಹೋದವು. ಅವನ್ನ ದೂರದಿಂದ ಕೇಳಿಸಿಕೊಳ್ಳುವ ಕಿವಿ ಇದು. ಇಂಗ್ಲಿಷಿನ ಎಲ್ ಆಕಾರದಲ್ಲಿ ಎರಡು ಕೈ, ಒಂದೊಂದು ಕೈಯಲ್ಲಿ ಹತ್ತು ಮಾಪಕ, ಒಂದಕ್ಕೂ ಇನ್ನೊಂದಕ್ಕೂ ಸುಮಾರು 2.5 ಕಿಲೋಮೀಟರು.

ಎರಡು ಕೈ ಯಾಕೆ? ಒಂದೇ ಸಾಲು ಇದ್ದರೆ, ಅಲೆ ಮೊದಲು ಯಾವ ಮಾಪಕಕ್ಕೆ ತಾಗಿತು, ಆಮೇಲೆ ಯಾವುದಕ್ಕೆ ಅನ್ನೋದರಿಂದ ಅದು ಸಾಲಿನ ಈ ತುದಿಯ ಕಡೆಯಿಂದ ಬಂತೋ ಆ ತುದಿಯ ಕಡೆಯಿಂದ ಬಂತೋ ಹೇಳಬಹುದು. ಆದರೆ ಸಾಲಿನ ಎಡಗಡೆಯಿಂದ ಓರೆಯಾಗಿ ಬಂದ ಅಲೆಗೂ ಬಲಗಡೆಯಿಂದ ಅಷ್ಟೇ ಓರೆಯಾಗಿ ಬಂದ ಅಲೆಗೂ ವ್ಯತ್ಯಾಸವೇ ತಿಳಿಯೋದಿಲ್ಲ. ತಾಗುವ ಕ್ರಮವೂ ಹೊತ್ತೂ ಎರಡರಲ್ಲೂ ಒಂದೇ. ಗೆರೆಗೆ ತನ್ನ ಉದ್ದದ ಎರಡು ದಿಕ್ಕು ಗೊತ್ತು, ತನ್ನ ಪಕ್ಕದ ಎರಡು ದಿಕ್ಕು ಗೊತ್ತಿಲ್ಲ. ಅದಕ್ಕೇ ಅಡ್ಡಕ್ಕೆ ಇನ್ನೊಂದು ಕೈ.

ಎರಡನೆಯದು ರೇಡಿಯೋ ದೂರದರ್ಶಕ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ್ದು. ದೂರದರ್ಶಕ ಅಂದರೆ ಗಾಜು, ಗುಮ್ಮಟ ಅಂದುಕೊಂಡು ಹೋದವರಿಗೆ ಅಲ್ಲಿ ಕಾಣುತ್ತಿದ್ದದ್ದು ಕಂಬ ಮತ್ತು ತಂತಿಗಳ ತೋಟ. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನ ಕೇಳುವ 1,000 ಆಂಟೆನಾಗಳು. ಆ ಅಲೆಯ ಉದ್ದವೇ ಸುಮಾರು 8.7 ಮೀಟರು, ಅದಕ್ಕೇ ಅಷ್ಟು ಉದ್ದದ ಸಾಲು ಬೇಕು. 640 ಆಂಟೆನಾ ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು. 360 ಆಂಟೆನಾ ನಡುವಿನಿಂದ ದಕ್ಷಿಣಕ್ಕೆ ಸುಮಾರು 450 ಮೀಟರು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಟಿ. ನನ್ನ ಹಳೆಯ ಟಿ-ಸ್ಕ್ವೇರನ್ನ ಹೊಲದಲ್ಲಿ ಮಲಗಿಸಿದ ಹಾಗೆ.

ಆಸ್ಟ್ರೇಲಿಯಾದಲ್ಲಿ ಬರ್ನಾರ್ಡ್ ಮಿಲ್ಸ್ 1954ರಲ್ಲಿ ಇಂಥದ್ದನ್ನೇ ಪೂರ್ತಿ ಶಿಲುಬೆಯಾಕಾರದಲ್ಲಿ ಕಟ್ಟಿದ್ದ, ನಾಲ್ಕೂ ದಿಕ್ಕಿಗೆ ಕೈ. ಗೌರಿಬಿದನೂರಿನಲ್ಲಿ ಉತ್ತರದ ಕೈ ಇಲ್ಲ. ಯಾಕೆ ಅನ್ನೋದು ನಮ್ಮ ಹುಡುಗಿಯ ಪ್ರಶ್ನೆಗೆ ನೇರ ಉತ್ತರ.

ಇಲ್ಲಿ ಲೆಕ್ಕಕ್ಕೆ ಬರೋದು ಒಂದು ಕೈಯ ಆಂಟೆನಾದಿಂದ ಇನ್ನೊಂದು ಕೈಯ ಆಂಟೆನಾಗೆ ಎಳೆದ ಗೆರೆಯ ಉದ್ದ ಮತ್ತು ದಿಕ್ಕು. ದಕ್ಷಿಣದ ಕೈಯಿಂದ ಪೂರ್ವದ ಕೈಗೆ ಗೆರೆ ಎಳೆದರೆ ಅದು ಈಶಾನ್ಯಕ್ಕೆ ಹೋಗುತ್ತೆ. ಅದನ್ನೇ ತಿರುಗಿಸಿದರೆ ನೈಋತ್ಯಕ್ಕೆ. ಉತ್ತರದ ಕೈ ಇದ್ದು, ಅಲ್ಲಿಂದ ಪಶ್ಚಿಮದ ಕೈಗೆ ಎಳೆದಿದ್ದರೂ ನೈಋತ್ಯಕ್ಕೇ ಹೋಗುತ್ತಿತ್ತು. ಗೆರೆಯನ್ನ ತಿರುಗಿಸಿದರೆ ಆಕಾಶದ ಬಗ್ಗೆ ಸಿಗುವ ಮಾಹಿತಿ ಹೊಸದಲ್ಲ, ಮೊದಲಿನದರ ಕನ್ನಡಿ. ಅಂದಮೇಲೆ ಉತ್ತರದ ಕೈ ಹೇಳಬೇಕಾದ್ದನ್ನ ದಕ್ಷಿಣದ ಕೈ ಆಗಲೇ ಹೇಳಿಬಿಟ್ಟಿದೆ. ಅಷ್ಟು ಕಂಬ, ಅಷ್ಟು ತಂತಿ ಉಳಿತಾಯ.

ಇದೇ ಧೈರ್ಯದಲ್ಲಿ ಪಶ್ಚಿಮದ ಕೈಯನ್ನೂ ತೆಗೆದುಬಿಟ್ಟರೆ? ಆಗ ಈಶಾನ್ಯ ನೈಋತ್ಯದ ಗೆರೆಗಳು ಮಾತ್ರ ಉಳಿಯುತ್ತವೆ. ವಾಯವ್ಯ ಆಗ್ನೇಯದ ಗೆರೆಗಳು ಎಲ್ಲಿಂದಲೂ ಹುಟ್ಟೋದಿಲ್ಲ. ಅವಕ್ಕೆ ಕನ್ನಡಿ ಇಲ್ಲ. ಹೀಗಾಗಿ ಪೂರ್ವಪಶ್ಚಿಮದ ಗೆರೆ ಎರಡೂ ಕಡೆಗೆ ಇರಲೇಬೇಕು, ಉತ್ತರದಕ್ಷಿಣದ್ದು ಒಂದೇ ಕಡೆಗೆ ಇದ್ದರೆ ಸಾಕು. ಆ ಟಿಯಿಂದ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ 34.5 ಮೆಗಾಹರ್ಟ್ಸ್‌ನ ಆಕಾಶದ ನಕ್ಷೆ ಪ್ರಕಟಿಸಿದರು. 1997ರ ಹೊತ್ತಿಗೆ ಅದೇ ಆವರಣದಲ್ಲಿ ಸೂರ್ಯನನ್ನ ನೋಡುವ ರೇಡಿಯೋಹೀಲಿಯೋಗ್ರಾಫ್ ಕೆಲಸ ಶುರುಮಾಡಿತು. ಅದೂ ಟಿ ಆಕಾರವೇ.

ದಕ್ಷಿಣದ ಕೈಯನ್ನ ನಂಬಿ ಉತ್ತರವನ್ನ ಕಟ್ಟದೇ ಬಿಟ್ಟವರಿಗೆ, ಆ ಕಡೆಯದು ಇದರ ಕನ್ನಡಿ ಅನ್ನೋಕೆ ಗಣಿತದ ಸಾಕ್ಷಿ ಇತ್ತು. ನಮ್ಮ ಜಮೀನಿನಲ್ಲಿ ಪೂರ್ವವನ್ನ ಅಳೆದು ಪಶ್ಚಿಮವೂ ಅಷ್ಟೇ ಅಂದವರಿಗೆ ಸಾಕ್ಷಿ ಇರಲಿಲ್ಲ, ಒಂದು ಹಳೆಯ ಕಾಗದ ಮಾತ್ರ ಇತ್ತು. ಕಾಲುವೆ ಕನ್ನಡಿಯ ಮಾತು ಕೇಳೋದಿಲ್ಲ.

*

ಆದ್ದರಿಂದ, ಅಮ್ಮಾ, ನಿನ್ನ ಚಾವಣಿಗೆ ನನ್ನ ಉತ್ತರ ಇದು. ಮಾರುಕಟ್ಟೆಯ ಅಂಗಳ ಕಂಬದ ಸಾಲಿನ ಎರಡೂ ಕಡೆ ಒಂದೇ ಅಗಲ ಇದೆ ಅನ್ನೋದು ಖಾತ್ರಿ ಇದ್ದರೆ ಒಂದು ಕಡೆ ಎಳೆದು ಕನ್ನಡಿ ಮಾಡು, ತಪ್ಪಿಲ್ಲ. ಖಾತ್ರಿ ಇಲ್ಲದಿದ್ದರೆ ಎರಡೂ ಕಡೆಗೆ ಬೇರೆ ಬೇರೆ ಉದ್ದದ ಸ್ಲೈಡರ್ ಇಡು, ಬಲಕ್ಕೊಂದು ಎಡಕ್ಕೊಂದು. ಇವತ್ತು ಎರಡರಲ್ಲೂ ಆರೇ ಇರಲಿ. ನಾಳೆ ಒಂದು ಕಡೆ ಚರಂಡಿಯೋ ರಸ್ತೆಯೋ ಬಂದರೆ ಆ ಕಡೆಯದನ್ನ ಮಾತ್ರ ಕಡಿಮೆ ಮಾಡಬಹುದು. ಆಮೇಲೆ ತುದಿಯಿಂದ ತುದಿಗೆ ಒಂದು ಗೆರೆ ಎಳೆದು ಅದರ ಉದ್ದ ನೋಡು. ಎರಡು ಸ್ಲೈಡರಿನ ಮೊತ್ತಕ್ಕೆ ಸಮ ಬಂದರೆ ಎರಡು ದಿಕ್ಕೂ ಒಂದೇ ನೇರದಲ್ಲಿವೆ. ಕಡಿಮೆ ಬಂದರೆ ನಡುವೆ ಎಲ್ಲೋ ಸೊಟ್ಟಗಾಗಿದೆ.

ಮಾಡೆಲ್ ಮಾಡೋಕೆ ಮುಂಚೆ ಟೇಪು ಹಿಡಿದು ಅಂಗಳಕ್ಕೆ ಹೋಗು. ಎರಡು ಗೋಡೆಯಿಂದಲೂ ಅಳಿ.

ಮೊನ್ನೆ ಯುಗಾದಿಗೆ ಹಳ್ಳಿಗೆ ಹೋಗಿದ್ದೆ. ಕಲ್ಲು ಅಲ್ಲೇ ಇದೆ. ಕಾಲುವೆ ಈಗ ಒಣಗಿದೆ, ಇನ್ನು ದಡ ಕೊರೆಯುವ ಹಾಗಿಲ್ಲ. ಹುಣಸೆ ಮರವೂ ಇದೆ. ವರ್ಷಕ್ಕೊಂದು ಸಲ ಅದರಿಂದ ಒಂದು ಮಂಕರಿ ಹಣ್ಣು ನಮ್ಮ ಮನೆಗೆ ಬರುತ್ತೆ. ಯಾಕೆ ಬರುತ್ತೆ ಅಂತ ಈ ಹುಡುಗಿ ಯಾವತ್ತೂ ಕೇಳಿರಲಿಲ್ಲ. ಗೆರೆ ಎರಡೂ ಕಡೆಗೆ ಹೋಗಬೇಕು ಅಂತ ಮಾತ್ರ ಕೇಳಿದಳು.